ಮುದ್ದೆ ತಿನ್ನಿ, ಆದರೆ ರಾಗಿ ಬೀಸಿಸಿದ ಮಿಲ್ ಯಾವುದು?

ಪ್ರಶ್ನೆ: ನನಗೆ 34 ವರ್ಷ. ಮಧುಗಿರಿ ಹತ್ತಿರದ ಹಳ್ಳಿ. ಆರು ವರ್ಷದಿಂದ ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ನುಂಗುತ್ತಿದ್ದೆ, ಹಿಮೋಗ್ಲೋಬಿನ್ 8 ದಾಟಲೇ ಇಲ್ಲ. ಹೊಟ್ಟೆ ಉಬ್ಬರ, ಆಗಾಗ ಭೇದಿ. ಎರಡು ತಿಂಗಳ ಹಿಂದೆ ಬೆಂಗಳೂರಿನಲ್ಲಿ ರಕ್ತಪರೀಕ್ಷೆ, ಎಂಡೋಸ್ಕೋಪಿ ಮಾಡಿ ಸೀಲಿಯಾಕ್ ಕಾಯಿಲೆ ಎಂದರು. ಜೀವನಪೂರ್ತಿ ಗೋಧಿ ಮುಟ್ಟಬಾರದಂತೆ. ಬಿಟ್ಟಿದ್ದೇನೆ. ಸ್ವಲ್ಪ ಮೇಲು, ಆದರೆ ಪೂರ್ತಿ ಸರಿಹೋಗಿಲ್ಲ. ಮಾವನವರಿಗೆ ಶುಗರ್ ಇದೆ, ದಿನಾ ರಾತ್ರಿ ಚಪಾತಿ ನಾನೇ ಮಾಡಬೇಕು. ಅತ್ತೆ ‘ಒಂಚೂರು ತಿಂದರೆ ಏನೂ ಆಗಲ್ಲ, ಇದೆಲ್ಲ ಬೆಂಗಳೂರಿನ ಕಾಯಿಲೆ’ ಅನ್ನುತ್ತಾರೆ. ಮುದ್ದೆ ತಿನ್ನಬಹುದಾ? ಮದುವೆ, ಪೂಜೆಗೆ ಹೋದರೆ ಏನು ಮಾಡಲಿ? ಮುಂಜಾಗ್ರತೆಗೆ ಅಂತ ಇಬ್ಬರು ಮಕ್ಕಳಿಗೂ ಗೋಧಿ ನಿಲ್ಲಿಸಿದ್ದೇನೆ. ಸರಿ ತಾನೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದು ಅರ್ಜೆಂಟು. ಮಕ್ಕಳಿಗೆ ಗೋಧಿ ನಿಲ್ಲಿಸಿದ್ದು ಸರಿಯಲ್ಲ. ಈ ಕಾಯಿಲೆ ರಕ್ತಸಂಬಂಧದಲ್ಲಿ ಬರುತ್ತದೆ. ಕಾಯಿಲೆ ಇರುವವರ ಅಪ್ಪ ಅಮ್ಮ, ಒಡಹುಟ್ಟಿದವರು, ಮಕ್ಕಳಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಇರಬಹುದು. ಹಾಗಾಗಿ ಇಬ್ಬರು ಮಕ್ಕಳಿಗೂ ಟಿಟಿಜಿ ಐಜಿಎ ಅನ್ನುವ ರಕ್ತಪರೀಕ್ಷೆ ಮಾಡಿಸಲೇಬೇಕು. ಆದರೆ ಆ ಪರೀಕ್ಷೆ ಹುಡುಕುವುದು, ಗೋಧಿಯ ವಿರುದ್ಧ ಎದ್ದ ಮೈ ತನ್ನ ಕರುಳಿನ ಮೇಲೇ ತಿರುಗಿಬಿದ್ದು ತಯಾರಿಸಿದ ಪ್ರತಿಕಾಯಗಳನ್ನು. ಹೊಟ್ಟೆಗೆ ಗೋಧಿಯೇ ಹೋಗದಿದ್ದರೆ ಅವು ಇಳಿದುಬಿಡುತ್ತವೆ. ಕಾಯಿಲೆ ಒಳಗಿದ್ದರೂ ರಿಪೋರ್ಟಿನಲ್ಲಿ ‘ಇಲ್ಲ’ ಅಂತ ಬರುತ್ತದೆ. ಮಕ್ಕಳ ಡಾಕ್ಟರಿಗೆ ವಿಷಯ ಹೇಳಿ, ಅವರು ಒಪ್ಪಿದರೆ ಮತ್ತೆ ದಿನಕ್ಕೆ ಒಂದೆರಡು ಚಪಾತಿ ಕೊಡಿ. ಸಾಮಾನ್ಯವಾಗಿ ಆರರಿಂದ ಎಂಟು ವಾರ ತಿನ್ನಿಸಿ ಆಮೇಲೆ ರಕ್ತ ತೆಗೆಯುತ್ತಾರೆ. ನಿಮ್ಮ ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ಇದೇ ಮಾತು. ಒಂದು ಸಲ ‘ಇಲ್ಲ’ ಅಂತ ಬಂದರೂ ಮುಂದೆ ಯಾವಾಗಲಾದರೂ ಶುರುವಾಗಬಹುದು. ಮಗು ಎತ್ತರ ಬೆಳೆಯುತ್ತಿಲ್ಲ, ರಕ್ತ ಕಡಿಮೆ, ಹೊಟ್ಟೆ ನೋವು ಅನ್ನುತ್ತದೆ ಅಂದರೆ ಮತ್ತೆ ಪರೀಕ್ಷೆ ಮಾಡಿಸಿ.

ಈಗ ನಿಮ್ಮ ಅತ್ತೆಯವರ ‘ಒಂಚೂರು’. ಆ ಮಾತು ಪ್ರೀತಿಯಿಂದಲೇ ಬಂದಿರುತ್ತದೆ, ಗೊತ್ತು. ಆದರೆ ಲೆಕ್ಕ ಹಾಕಿ ನೋಡೋಣ. ಒಂದು ಚಪಾತಿಗೆ ಸುಮಾರು 30 ಗ್ರಾಂ ಹಿಟ್ಟು ಹಿಡಿಯುತ್ತದೆ. ಅದರಲ್ಲಿ ಎರಡೂವರೆಯಿಂದ ಮೂರು ಗ್ರಾಂ ಗ್ಲುಟೆನ್, ಅಂದರೆ ಹಿಟ್ಟು ನಾದಿದಾಗ ಎಳೆಎಳೆಯಾಗಿ ಜಗ್ಗುತ್ತದಲ್ಲ, ಆ ಅಂಟು. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಕರುಳು ಮತ್ತೆ ಕೆಡುತ್ತದೆ ಎಂದು ಪರೀಕ್ಷೆ ಮಾಡಿ ನೋಡಿದ್ದಾರೆ. ಒಂದು ಚಪಾತಿಯನ್ನು ಐವತ್ತು ಚೂರು ಮಾಡಿ. ಅದರಲ್ಲಿ ಒಂದು ಚೂರು. ಅತ್ತೆಯವರ ಒಂಚೂರು ಅದಕ್ಕಿಂತ ದೊಡ್ಡದೇ ಇರುತ್ತದೆ, ಅಲ್ವಾ?

ಒಳಗೆ ಆಗುವುದು ಇಷ್ಟೇ. ಸಣ್ಣ ಕರುಳಿನ ಒಳಗೋಡೆ ತುಂಬ ಹುಲ್ಲಿನ ಹಾಗೆ ಒತ್ತಾಗಿ ಸಣ್ಣ ಸಣ್ಣ ಎಳೆಗಳಿರುತ್ತವೆ. ತಿಂದದ್ದರ ಸಾರ ಹೀರುವುದು ಅವೇ. ಸೀಲಿಯಾಕ್ ಇರುವವರಲ್ಲಿ ಗ್ಲುಟೆನ್ ಕಂಡರೆ ಮೈಯ ಕಾವಲುಪಡೆ ಕರುಳಿನ ಮೇಲೇ ದಾಳಿ ಮಾಡುತ್ತದೆ. ಕುರಿ ಮೇಯ್ದ ಬಯಲಿನ ಹಾಗೆ ಆ ಎಳೆಗಳೆಲ್ಲ ನೆಲಸಮ. ಕಬ್ಬಿಣದ ಅಂಶ ಹೀರುವುದು ಕರುಳಿನ ಮೊದಲ ಭಾಗ, ಜಾಸ್ತಿ ಹಾಳಾಗುವುದೂ ಅದೇ. ಆರು ವರ್ಷ ನೀವು ನುಂಗಿದ ಮಾತ್ರೆ ಯಾಕೆ ಮೈಗೆ ಹತ್ತಲಿಲ್ಲ ಅಂತ ಈಗ ಗೊತ್ತಾಯಿತಲ್ಲ.

ಬೆಂಗಳೂರಿನ ಕಾಯಿಲೆ ಅನ್ನುವುದಕ್ಕೂ ಉತ್ತರವಿದೆ. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ಹಾಲೆಂಡಿನಲ್ಲಿ ತೀರಾ ಬರ ಬಿತ್ತು. ಬ್ರೆಡ್ಡು ಸಿಗುತ್ತಿರಲಿಲ್ಲ. ಊರೆಲ್ಲ ಹಸಿವಿನಿಂದ ಸೊರಗುತ್ತಿದ್ದರೆ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಬಂತು, ಮಕ್ಕಳು ಮತ್ತೆ ಮಲಗಿದರು. ಗೋಧಿಯ ಮೇಲೆ ಮೊದಲೇ ಅನುಮಾನ ಇಟ್ಟುಕೊಂಡಿದ್ದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆಗೆ ಅದು ಖಾತ್ರಿಯಾಯಿತು. ನಮ್ಮ ದೇಶದ ಲೆಕ್ಕ ಇನ್ನೂ ಸ್ವಾರಸ್ಯ. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಜಾಸ್ತಿ ಜನಕ್ಕೆ ಸೀಲಿಯಾಕ್ ಇದೆ. ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು. ಕಾಯಿಲೆಗೆ ದಾರಿ ಮಾಡಿಕೊಡುವ ವಂಶವಾಹಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದೆ. ಗೋಧಿ ತಿನ್ನುವುದರಲ್ಲಿ ಮಾತ್ರ ಅಜಗಜಾಂತರ. ನಮ್ಮಜ್ಜಿಗೆ ಗೋಧಿ ಅಂದರೆ ಯುಗಾದಿಯ ಒಬ್ಬಟ್ಟು, ಆಗೊಮ್ಮೆ ಈಗೊಮ್ಮೆ ಉಪ್ಪಿಟ್ಟು, ಅಷ್ಟೇ. ನಮಗೆ ಬೆಳಿಗ್ಗೆ ರವೆ, ಸಂಜೆ ಬಿಸ್ಕತ್ತು, ರಾತ್ರಿ ಚಪಾತಿ. ನಮ್ಮ ಕಡೆ ಇದು ಅಪರೂಪವಾದ್ದರಿಂದ ‘ರಕ್ತ ಕಡಿಮೆ’ ಅಂತ ಬಂದವರಲ್ಲಿ ಇದನ್ನು ಬೇಗ ಯಾರೂ ಅನುಮಾನಿಸುವುದಿಲ್ಲ. ನಿಮಗೆ ಆರು ವರ್ಷ ಹಿಡಿದದ್ದು ಅದಕ್ಕೇ ಇರಬೇಕು.

ಇದರಲ್ಲಿ ನಿಮಗೊಂದು ಅನುಕೂಲವೂ ಇದೆ. ಪಂಜಾಬಿನ ಹೆಂಗಸಿಗೆ ಈ ಕಾಯಿಲೆ ಬಂದರೆ ಅಡುಗೆಮನೆಯನ್ನೇ ಬುಡಮೇಲು ಮಾಡಬೇಕು. ನೀವು ನಿಮ್ಮಜ್ಜಿಯ ಅಡುಗೆಗೆ ವಾಪಸ್ಸು ಹೋದರೆ ಸಾಕು. ರಾಗಿ, ಅಕ್ಕಿ, ಜೋಳ, ಸಜ್ಜೆ, ನವಣೆ, ಸಾಮೆ, ಕೊರಲೆ, ಹಾರಕ, ಯಾವುದರಲ್ಲೂ ಗ್ಲುಟೆನ್ ಇಲ್ಲ. ಅವರೆ, ಹುರುಳಿ, ಅಲಸಂದೆ, ಸೊಪ್ಪು, ತರಕಾರಿ, ಹಾಲು, ಮೊಟ್ಟೆ, ಮಾಂಸ, ಕಡಲೆಕಾಯಿ, ಕೊಬ್ಬರಿ, ಎಲ್ಲ ನಿರಾತಂಕ. ಮುದ್ದೆ, ಬಸ್ಸಾರು, ಒಂದು ಲೋಟ ಮಜ್ಜಿಗೆ ಇದ್ದರೆ ಅಂಗಡಿಯಿಂದ ತರಬೇಕಾದ್ದು ಏನೂ ಇಲ್ಲ.

ಹಾಗಾದರೆ ಎರಡು ತಿಂಗಳಾದರೂ ಯಾಕೆ ಪೂರ್ತಿ ಸರಿಹೋಗಿಲ್ಲ? ಒಂದು, ಎರಡು ತಿಂಗಳು ಕಡಿಮೆಯೇ ಆಯಿತು. ದೊಡ್ಡವರ ಕರುಳು ಪೂರ್ತಿ ಚಿಗುರಲು ಆರು ತಿಂಗಳಿಂದ ಎರಡು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಎರಡು, ನೀವು ಬಿಟ್ಟಿರುವುದು ಕಣ್ಣಿಗೆ ಕಾಣುವ ಗೋಧಿಯನ್ನು. ಕಾಣದ ಗೋಧಿ ಇನ್ನೂ ಹೊಟ್ಟೆಗೆ ಹೋಗುತ್ತಿರಬಹುದು. ಮೊದಲ ಅನುಮಾನ ಹಿಟ್ಟಿನ ಮಿಲ್ ಮೇಲೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತು. ತುಮಕೂರಿನಲ್ಲಿ ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗಿಗೆ ‘ಮುದ್ದೆ ಎಷ್ಟು ಬೇಕಾದರೂ ತಿನ್ನಮ್ಮ’ ಅಂತ ಧೈರ್ಯವಾಗಿ ಹೇಳಿ ಕಳಿಸಿದ್ದೆ. ವರ್ಷ ಕಳೆದರೂ ಅವಳ ಟಿಟಿಜಿ ಇಳಿಯಲಿಲ್ಲ. ಕದ್ದು ಬಿಸ್ಕತ್ತು ತಿನ್ನುತ್ತಾಳೆ ಅಂತ ನಾನೂ ಅನುಮಾನಪಟ್ಟೆ, ಅವರಮ್ಮನೂ ಬೈದರು. ಪಾಪ, ಅವಳು ಏನೂ ತಿಂದಿರಲಿಲ್ಲ. ಒಂದು ದಿನ ಅವರಮ್ಮ ರಾಗಿ ಹಿಟ್ಟನ್ನು ಡಬ್ಬಿಯಲ್ಲಿ ತಂದು ತೋರಿಸಿದರು. ನೋಡಲು ಚೆನ್ನಾಗೇ ಇತ್ತು. ಎಲ್ಲಿ ಬೀಸಿಸಿದ್ದು ಅಂತ ಕೇಳಿದೆ. ಬೀದಿ ಕೊನೆಯ ಮಿಲ್. ಅಲ್ಲಿ ಇದ್ದದ್ದು ಒಂದೇ ಮಿಷನ್. ಇವರ ರಾಗಿಗೆ ಮುಂಚೆ ಯಾರದೋ ಗೋಧಿ, ಇವರ ರಾಗಿ ಆದಮೇಲೆ ಇನ್ಯಾರದೋ ಗೋಧಿ. ಕಲ್ಲಿನ ಸಂದಿ, ಹಿಟ್ಟು ಇಳಿಯುವ ಬಟ್ಟೆ ಚೀಲ, ಡಬ್ಬ, ಎಲ್ಲದರಲ್ಲೂ ಹಿಂದಿನವರ ಹಿಟ್ಟು ಉಳಿದಿರುತ್ತದೆ. ಮಿಲ್‌ನವರದು ಏನೂ ತಪ್ಪಿಲ್ಲ. ಕೇಳಬೇಕಾಗಿದ್ದವಳು ನಾನು. ಆಮೇಲೆ ಅವರು ರಾಗಿಯನ್ನು ಬೇರೆ ಕಡೆ ಬೀಸಿಸಿದರು, ಆರೇಳು ತಿಂಗಳಿಗೆ ರಿಪೋರ್ಟ್ ಇಳಿಯಿತು. ಅಂದಿನಿಂದ ಮುದ್ದೆ ವಿಷಯ ಬಂದರೆ ಮೊದಲು ಮಿಲ್ ವಿಚಾರಿಸುತ್ತೇನೆ.

ನಿಮ್ಮೂರಿನಲ್ಲಿ ರಾಗಿಗೇ ಬೇರೆ ಮಿಷನ್ ಇಟ್ಟಿರುವ ಮಿಲ್ ಇದ್ದರೆ ಅಲ್ಲಿಗೇ ಹೋಗಿ. ಇಲ್ಲದಿದ್ದರೆ ಬೆಳಿಗ್ಗೆ ಮಿಷನ್ ಗುಡಿಸಿ ಒರೆಸಿದ ಮೇಲೆ ಮೊದಲನೇ ಪಾಳಿ ನಿಮ್ಮದಾಗಲಿ. ಮೊದಲು ಇಳಿಯುವ ಒಂದೆರಡು ಕೆಜಿ ಹಿಟ್ಟನ್ನು ಬೇರೆ ತೆಗೆದು ಹಸುವಿಗೆ ಹಾಕಿ. ಹಿಟ್ಟಿಳಿಯುವ ಜಾಗಕ್ಕೆ ನಿಮ್ಮದೇ ಚೀಲ ಕಟ್ಟಿ. ಇದು ನೂರಕ್ಕೆ ನೂರು ಖಾತ್ರಿ ಅಲ್ಲ, ಆದರೆ ಏನೂ ಮಾಡದಿರುವುದಕ್ಕಿಂತ ಎಷ್ಟೋ ಮೇಲು. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಮನೆಗೇ ಸಣ್ಣ ಹಿಟ್ಟಿನ ಮಿಷನ್ ತನ್ನಿ, ಅದಕ್ಕೆ ಗೋಧಿ ತೋರಿಸಲೇಬೇಡಿ. ಊರೂರು ಸುತ್ತಿ ದುಬಾರಿ ಪ್ಯಾಕೆಟ್ ತರುವ ಬದಲು ನಾನು ಅದಕ್ಕೇ ಖರ್ಚು ಮಾಡಿ ಅನ್ನುತ್ತೇನೆ. ಬೀಸಿಸುವ ಮುಂಚೆ ರಾಗಿಯನ್ನು ವಂದರಿ ಆಡಿಸಿದರೆ ಅದರೊಳಗೆ ಗೋಧಿ ಕಾಳು ಸೇರಿದ್ದರೂ ಮೇಲೆ ನಿಲ್ಲುತ್ತದೆ, ರಾಗಿ ಅಷ್ಟು ಸಣ್ಣದು. ಅಕ್ಕಿ, ಜೋಳವನ್ನು ಕೈಯಲ್ಲೇ ಆರಿಸಬೇಕು. ಆದರೆ ಆ ವಂದರಿ ಗೋಧಿ ಹಿಟ್ಟು ಜರಡಿ ಹಿಡಿದದ್ದಾಗಿರಬಾರದು!

ಎರಡನೇ ಕಳ್ಳ ಇಂಗು. ಅಚ್ಚ ಇಂಗು ತುಂಬ ಘಾಟು, ಹಾಗೇ ಬಳಸಲು ಆಗುವುದಿಲ್ಲ. ಅದಕ್ಕೇ ಅಂಟು ಮತ್ತು ಹಿಟ್ಟು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಎಷ್ಟೋ ಸಲ ಗೋಧಿ ಅಥವಾ ಮೈದಾ. ಚಿಟಿಕೆ ಇಂಗು ತಾನೆ ಅನ್ನಬೇಡಿ. ದಿನಾ ಸಾರಿಗೆ, ಮಜ್ಜಿಗೆಗೆ, ಉಪ್ಪಿನಕಾಯಿಗೆ ಬೀಳುವ ಚಿಟಿಕೆ ಅದು. ಡಬ್ಬಿಯ ಹಿಂದೆ ಏನೇನು ಸೇರಿಸಿದ್ದಾರೆ ಅಂತ ಓದಿ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ನಮ್ಮ ಕಡೆ ಸಾರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದರೆ ಇಂಗೇ ಬೇಕಿಲ್ಲ ಬಿಡಿ. ಅಂಗಡಿಯ ಸಾರಿನ ಪುಡಿ, ಪುಳಿಯೋಗರೆ ಪುಡಿ, ಹಪ್ಪಳ ಎಲ್ಲದರಲ್ಲೂ ಇದೇ ಇಂಗು ಇರಬಹುದು. ಖಾರದ ಪುಡಿ, ಸಾರಿನ ಪುಡಿ ಮನೆಯಲ್ಲೇ ಮಾಡಿಕೊಳ್ಳಿ.

ಇನ್ನೊಂದು ವಿಷಯ ಕೇಳಿದರೆ ನಿಮಗೇ ನಗು ಬರಬಹುದು, ಅಳುವೂ ಬರಬಹುದು. ನಿಶ್ಶಕ್ತಿ ಅಂದರೆ ನಮ್ಮ ಮನೆಗಳಲ್ಲಿ ಮೊದಲು ಕೊಡುವುದು ಬಾಟಲಿಯ ಮಾಲ್ಟ್ ಪುಡಿ ಹಾಕಿದ ಹಾಲು, ಜೊತೆಗೆ ರಸ್ಕು. ಜ್ವರ ಬಂದರೆ ಬ್ರೆಡ್ಡು, ಉರಿಮೂತ್ರಕ್ಕೆ ಬಾರ್ಲಿ ನೀರು. ಬಾರ್ಲಿ ಅಂದರೆ ಜವೆಗೋಧಿ, ಅದರಲ್ಲೂ ಗ್ಲುಟೆನ್ ಇದೆ. ಮಾಲ್ಟ್ ಅನ್ನುವುದು ಸಾಮಾನ್ಯವಾಗಿ ಅದೇ ಬಾರ್ಲಿಯ ಮೊಳಕೆಯಿಂದ ಮಾಡಿದ್ದು. ಶಕ್ತಿ ಬರಲಿ ಅಂತ ಕೊಟ್ಟದ್ದೇ ಇಷ್ಟು ವರ್ಷ ನಿಮ್ಮನ್ನು ಸೊರಗಿಸಿರಬಹುದು. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮನೆಯಲ್ಲೇ ಪುಡಿ ಮಾಡಿಕೊಳ್ಳಿ. ಅಂಗಡಿಯ ರಾಗಿ ಮಾಲ್ಟ್‌ಗೆ ಗೋಧಿ, ಬಾರ್ಲಿ ಸೇರಿಸಿರುತ್ತಾರಾ ನೋಡಬೇಕು. ರಾಗಿ ಶ್ಯಾವಿಗೆ ಪ್ಯಾಕೆಟ್ಟಿನಲ್ಲೂ ಮೈದಾ ಇರುವುದುಂಟು. ‘ಮಲ್ಟಿಗ್ರೇನ್ ಆಟಾ’ ಅಂದರೆ ಮುಕ್ಕಾಲು ಪಾಲು ಗೋಧಿಯೇ. ಓಟ್ಸ್ ಸದ್ಯಕ್ಕೆ ಬೇಡ, ಅದನ್ನು ಗೋಧಿ, ಬಾರ್ಲಿ ಇರುವ ಕಡೆಯೇ ಬೆಳೆದು ಬೀಸುವುದರಿಂದ ಬೆರಕೆ ಜಾಸ್ತಿ. ಪ್ಯಾಕೆಟ್ ಮೇಲೆ ‘ಕಂಟೇನ್ಸ್ ವೀಟ್’ ಅಥವಾ ‘ಗ್ಲುಟೆನ್’ ಅನ್ನುವ ಸಾಲು ಹುಡುಕಿ. ‘ಗ್ಲುಟೆನ್ ಫ್ರೀ’ ಅಂತ ಬರೆಯಬೇಕಾದರೆ ಕಾನೂನಿನ ಪ್ರಕಾರ ಕೆಜಿಗೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಬಾರದು. ಹಾಗಂತ ಆ ಹೆಸರಿನ ಬಿಸ್ಕತ್ತು, ಕೇಕು ಆರೋಗ್ಯಕ್ಕೆ ಒಳ್ಳೆಯದು ಅಂದುಕೊಳ್ಳಬೇಡಿ. ರೇಟು ಜಾಸ್ತಿ, ಸಕ್ಕರೆ ಜಾಸ್ತಿ, ನಾರು ಕಡಿಮೆ.

ಮಾವನವರ ಚಪಾತಿಗೆ ಬರೋಣ. ಶುಗರ್ ಇದ್ದರೆ ಚಪಾತಿಯೇ ಆಗಬೇಕು ಅನ್ನುವುದು ನಮ್ಮ ಕಡೆ ಬೇರು ಬಿಟ್ಟ ನಂಬಿಕೆ. ಚಪಾತಿಯಲ್ಲೂ ಪಿಷ್ಟ ಇದೆ, ಮುದ್ದೆಯಲ್ಲೂ ಇದೆ. ಎಷ್ಟು ತಿನ್ನುತ್ತಾರೆ, ಜೊತೆಗೆ ಎಷ್ಟು ಸೊಪ್ಪು, ಕಾಳು ಇದೆ ಅನ್ನುವುದೇ ಮುಖ್ಯ. ಅವರ ಡಾಕ್ಟರನ್ನು ಕೇಳಿ, ಸಣ್ಣ ಮುದ್ದೆ, ಜಾಸ್ತಿ ಬಸ್ಸಾರು ಆಗಬಹುದಾ ಅಂತ. ಒಪ್ಪಿದರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು. ಒಪ್ಪದಿದ್ದರೆ, ಚಪಾತಿ ಹಿಟ್ಟು ನಾದಿ ಲಟ್ಟಿಸುವುದನ್ನು ನಿಮ್ಮ ಯಜಮಾನರಿಗೆ ಕಲಿಸಿ. ತಮಾಷೆಗೆ ಹೇಳುತ್ತಿಲ್ಲ. ಅದೂ ಆಗದಿದ್ದರೆ ಮೊದಲು ನಿಮ್ಮ ಅಡುಗೆ ಮುಗಿಸಿ, ಮುಚ್ಚಿಟ್ಟು, ಆಮೇಲೆ ಗೋಧಿ ಹಿಟ್ಟಿನ ಡಬ್ಬ ತೆಗೆಯಿರಿ. ಹಿಟ್ಟು ಕೊಡವುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಹಾರಿದ ಹಿಟ್ಟು ಪಕ್ಕದ ಪಾತ್ರೆಗೂ ಬೀಳುತ್ತದೆ, ಗಂಟಲಿಗೂ ಇಳಿಯುತ್ತದೆ. ಚಪಾತಿ ಮಣೆ, ಲಟ್ಟಣಿಗೆ, ಹೆಂಚು ನಿಮ್ಮ ರೊಟ್ಟಿಗೆ ಬೇರೆಯೇ ಇರಲಿ. ಮರ ಹಿಟ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಸ್ಟೀಲ್ ಪಾತ್ರೆಗೆ ಆ ಭಯ ಇಲ್ಲ, ಸೋಪು ಹಾಕಿ ತೊಳೆದರೆ ಸಾಕು. ಮುದ್ದೆ ಕೋಲು ಯಾವತ್ತೂ ಗೋಧಿ ಕಂಡಿರುವುದಿಲ್ಲ, ಅದನ್ನು ಬದಲಿಸಬೇಡಿ. ಉಪ್ಪಿನಕಾಯಿ ಜಾಡಿ, ತುಪ್ಪದ ಬಟ್ಟಲಿಗೆ ಚಪಾತಿ ತಿಂದ ಕೈಯೋ ಚಮಚವೋ ಬೀಳದ ಹಾಗೆ ನಿಮ್ಮ ಪಾಲು ಮೊದಲೇ ತೆಗೆದಿಡಿ. ಪೂರಿ ಕರಿದ ಎಣ್ಣೆಯಲ್ಲಿ ನಿಮ್ಮ ಹಪ್ಪಳ ಬೇಡ.

ಹೋಟೆಲ್ ವಿಚಾರ ನೀವು ಕೇಳಿಲ್ಲ, ಆದರೆ ತುಮಕೂರಿಗೆ ಬಂದವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಹೋಗುತ್ತೀರಾ? ತಿನ್ನಿ. ಅಕ್ಕಿ, ಉದ್ದು, ಹೆಚ್ಚೆಂದರೆ ಸಬ್ಬಕ್ಕಿ ಅಥವಾ ಅವಲಕ್ಕಿ. ಬೆಣ್ಣೆ, ಕಾಯಿ ಚಟ್ನಿ ಸಾಕು. ಸಾಂಬಾರ್ ಇಂಗಿನ ಕಾರಣಕ್ಕೆ ಬೇಡ. ಅದೇ ಪಾತ್ರೆಯಲ್ಲಿ ರವೆ ಇಡ್ಲಿ ಬೇಯಿಸುತ್ತಾರಾ ಅಂತ ಒಂದು ಮಾತು ಕೇಳಿ. ದೋಸೆ ಅಷ್ಟು ಸಲೀಸಲ್ಲ. ಗರಿಗರಿಯಾಗಲಿ ಅಂತ ಕೆಲವರು ಹಿಟ್ಟಿಗೆ ಮೈದಾ, ರವೆ ಸೇರಿಸುತ್ತಾರೆ, ಮೇಲಾಗಿ ರವೆ ದೋಸೆ ಹುಯ್ಯುವುದೂ ಅದೇ ಕಾವಲಿ ಮೇಲೆ. ಮದ್ದೂರು ವಡೆ, ಕೋಡುಬಳೆ, ನಿಪ್ಪಟ್ಟು ಬೇಡ. ಗೋಬಿ ಮಂಚೂರಿ ಕಡೆ ತಿರುಗಿಯೂ ನೋಡಬೇಡಿ, ಮೈದಾ ಸಾಲದು ಅಂತ ಸೋಯಾ ಸಾಸಿನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ.

ಮದುವೆ ಮನೆಯಲ್ಲಿ ಕಷ್ಟ ಊಟದ್ದಲ್ಲ, ಬಡಿಸುವವರದು. ಮನೆಯಿಂದ ಅರ್ಧ ಹೊಟ್ಟೆ ತಿಂದುಕೊಂಡೇ ಹೊರಡಿ. ಆದರೆ ಮೊದಲನೇ ಪಂಕ್ತಿಗೆ ಕೂರಿ, ಸೌಟುಗಳು ಇನ್ನೂ ಅದಲುಬದಲಾಗಿರುವುದಿಲ್ಲ. ಒಬ್ಬಟ್ಟು, ಚಿರೋಟಿ ತಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ. ಹಾಕಿಸಿಕೊಂಡು ಪಕ್ಕಕ್ಕೆ ಸರಿಸಿದರೆ ಅದರ ತುಪ್ಪ ಹರಿದು ಅನ್ನಕ್ಕೆ ಸೇರುತ್ತದೆ. ಅನ್ನ, ತುಪ್ಪ, ಇಂಗು ಬೀಳದ ತೊವ್ವೆ, ಕೋಸಂಬರಿ, ಬಾಳೆಹಣ್ಣು, ಮೊಸರು, ಇಷ್ಟರಲ್ಲಿ ಊಟ ಆಗುತ್ತದೆ. ಪಾಯಸ ಶ್ಯಾವಿಗೆಯದಾ ಹೆಸರುಬೇಳೆಯದಾ ಕೇಳಿ. ‘ಡಾಕ್ಟರ್ ಬೇಡ ಅಂದಿದ್ದಾರೆ’ ಅಂದರೆ ಬಲವಂತ ಮಾಡುವವರು ಮಾಡುತ್ತಲೇ ಇರುತ್ತಾರೆ. ‘ತಿಂದರೆ ಇಲ್ಲೇ ವಾಂತಿ ಆಗುತ್ತೆ’ ಅನ್ನಿ. ತಕ್ಷಣ ಬಿಡುತ್ತಾರೆ. ಸಣ್ಣ ಸುಳ್ಳು, ಪರವಾಗಿಲ್ಲ. ಮನೆಯ ಹಬ್ಬಕ್ಕಾದರೆ ಹೂರಣವನ್ನು ಹಾಗೇ ಬಟ್ಟಲಿಗೆ ಹಾಕಿಕೊಂಡು ತುಪ್ಪ ಸುರಿದು ತಿನ್ನಿ. ಕಣಕ ಹೋದರೆ ಹೋಗಲಿ, ರುಚಿಯೆಲ್ಲ ಇರುವುದು ಒಳಗೇ. ಗಣೇಶನ ಹಬ್ಬಕ್ಕೆ ಅಕ್ಕಿ ಹಿಟ್ಟಿನ ಕಡುಬು, ಸಂಕ್ರಾಂತಿಗೆ ಎಳ್ಳುಬೆಲ್ಲ, ಅವರೆಕಾಳು, ಇವೆಲ್ಲ ನಿಮ್ಮ ಹಬ್ಬವೇ.

ಸತ್ಯನಾರಾಯಣ ಪೂಜೆಯ ಸಜ್ಜಿಗೆ ಗೋಧಿ ರವೆಯದು. ಪ್ರಸಾದ ಬೇಡ ಅನ್ನಲು ಬಾಯಿ ಬರುವುದಿಲ್ಲ, ನನಗೂ ಬರುವುದಿಲ್ಲ. ಕೈಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಯಜಮಾನರಿಗೆ ಕೊಡಿ, ಕೈ ತೊಳೆಯಿರಿ. ನಿಮಗೆ ತೀರ್ಥ, ಬಾಳೆಹಣ್ಣು. ನಿಮ್ಮ ಮನೆಯದೇ ಪೂಜೆಯಾದರೆ ಅಕ್ಕಿ ತರಿಯಲ್ಲಿ ಮಾಡಬಹುದಾ ಅಂತ ಪುರೋಹಿತರನ್ನೇ ಕೇಳಿ.

ಇನ್ನು ಔಷಧಿ. ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ, ಅದು ಕೆಲಸ ಮಾಡುವ ಕಾಲ ಈಗ ಬಂದಿದೆ. ಊಟದ ಜೊತೆ, ಮಾತ್ರೆಯ ಜೊತೆ ಕಾಫಿ ಟೀ ಬೇಡ, ಒಂದೆರಡು ಗಂಟೆ ಬಿಟ್ಟು ಕುಡಿಯಿರಿ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ. ಬಿ12, ಫೋಲಿಕ್ ಆಮ್ಲ, ವಿಟಮಿನ್ ಡಿ, ಥೈರಾಯ್ಡ್ ಒಮ್ಮೆ ನೋಡಿಸಿ. ಮೂಳೆಯ ಸಾಂದ್ರತೆ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ, ಇಷ್ಟು ವರ್ಷ ಕ್ಯಾಲ್ಸಿಯಂ ಕೂಡ ಮೈಗೆ ಸರಿಯಾಗಿ ಹತ್ತಿರುವುದಿಲ್ಲ. ಆ ಮಟ್ಟಿಗೆ ಮುದ್ದೆ ನಿಮ್ಮ ನೆಂಟ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುತ್ತಿದ್ದರೆ ಕೆಲವು ವಾರ ಬಿಟ್ಟು ಮೊಸರು, ಮಜ್ಜಿಗೆಯಲ್ಲಿರಿ. ಕರುಳು ಚಿಗುರಿದ ಮೇಲೆ ಎಷ್ಟೋ ಜನಕ್ಕೆ ಹಾಲು ಮತ್ತೆ ಒಗ್ಗುತ್ತದೆ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಹೊಟ್ಟೆ ಉಬ್ಬರ ಅಂತಲೋ ತೂಕ ಇಳಿಯಲಿ ಅಂತಲೋ ಸುಮ್ನೆ ಗೋಧಿ ಬಿಡಬೇಡಿ. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ನಿಮ್ಮ ಮುಂದಿನ ಟಿಟಿಜಿ ಪರೀಕ್ಷೆ ಕಾಯಿಲೆ ಗೊತ್ತಾದ ದಿನದಿಂದ ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಅದಕ್ಕೆ ಮುಂಚೆ ಒಂದು ವಾರ ತಿಂದದ್ದನ್ನೆಲ್ಲ ಬರೆದಿಡಿ, ಬಾಯಿಗೆ ಹಾಕಿಕೊಂಡ ಚಿಟಿಕೆ ಉಪ್ಪಿನಕಾಯಿ ಸಮೇತ. ಡಾಕ್ಟರ ಹತ್ತಿರ ಹೋಗುವಾಗ ಆ ಚೀಟಿ, ಇಂಗಿನ ಡಬ್ಬಿ, ಮಾತ್ರೆಗಳ ಪಟ್ಟಿ ಜೊತೆಗಿರಲಿ. ಆಗುವುದಾದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಚಪಾತಿಯ ಐವತ್ತು ಚೂರಿನ ಲೆಕ್ಕವನ್ನು ಅವರು ಡಾಕ್ಟರ ಬಾಯಿಂದಲೇ ಕೇಳಲಿ.